ಮಗು ಇಳಿಯಿತು ಮಾವ

ನನ್ನ ಸೋದರಮಾವ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ. ಇದು ಅವರ ಮೇಲಿನ ದೂರಲ್ಲ, ಪರಿಚಯ. ಅತ್ತೆ “ಗ್ಯಾಸ್ ಬಂದ್ ಮಾಡಿದೆ” ಎಂದರೆ ಎದ್ದು ಹೋಗಿ ಸಿಲಿಂಡರಿನ ಕಿವಿ ಹಿಂಡಿ ಬರುತ್ತಾರೆ. ಡಾಕ್ಟರು ಜ್ವರ ಇಲ್ಲ ಎಂದರೆ ಅವರ ಎದುರಿಗೇ ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಾರೆ. ಒಂದು ಮದುವೆಯಲ್ಲಿ ಪುರೋಹಿತರು “ಮುಹೂರ್ತ ಬಂತು” ಎಂದದ್ದೇ ತಡ, ಇವರು ಕೈಗಡಿಯಾರ ನೋಡಿ, “ಇನ್ನು ಎರಡು ನಿಮಿಷ ಉಂಟು” ಎಂದು ಗಂಭೀರವಾಗಿ ಹೇಳಿ, ತಾಳಿ ಹಿಡಿದ ಮದುಮಗನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ್ದರು! ಆ ಮದುಮಗ ನಾನೇ.

ಮಾವ ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಕಡಬ, ಸುಬ್ರಹ್ಮಣ್ಯ, ಗುಂಡ್ಯದ ಕಡೆಯ ಎಷ್ಟು ಕಂಬಗಳನ್ನು ಹತ್ತಿದ್ದಾರೆಂದು ಅವರಿಗೇ ಗೊತ್ತಿಲ್ಲ. ಈಗ ನಿವೃತ್ತರಾಗಿ ಕಡಬದ ಮನೆಯಲ್ಲಿದ್ದಾರೆ. ಇಲಾಖೆ ಅವರನ್ನು ಬಿಟ್ಟಿದೆ, ಅವರು ಇಲಾಖೆಯನ್ನು ಬಿಟ್ಟಿಲ್ಲ. ಅದಕ್ಕೆ ಸಾಕ್ಷಿ ಎಲ್‌ಸಿ.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಲೈನನ್ನು ಬಂದ್ ಮಾಡಿಸಿ ಅನುಮತಿ ಪಡೆಯಬೇಕು. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ, ಎಲ್‌ಸಿ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಕೊಡುವ ತನಕ ಎಂಥ ಮಂತ್ರಿ ಬಂದು ನಿಂತರೂ ಲೈನು ಚಾಲೂ ಆಗಕೂಡದು. ಮಾವನ ಮನೆಯಲ್ಲಿ ಅತ್ತೆ ಫ್ಯಾನ್ ಒರೆಸಲು ಸ್ಟೂಲ್ ಹತ್ತಿದರೂ ಇದೇ ಕಾನೂನು. “ಎಲ್‌ಸಿ ಕೊಡಿ” ಎಂದು ಕೇಳಿ ಹತ್ತಬೇಕು, ಇಳಿದು “ವಾಪಸ್” ಎನ್ನಬೇಕು. ಅದು ವಾಪಸ್ ಬರುವ ತನಕ ಮಾವ ಊಟದ ಬಟ್ಟಲಿಗೆ ಕೈ ಹಾಕುವುದಿಲ್ಲ. ಒಮ್ಮೆ ಅತ್ತೆ ಹೇಳಲು ಮರೆತು ಪಕ್ಕದ ಮನೆಗೆ ಹೋಗಿ ಮಾತಿಗೆ ಕುಳಿತರು. ಬಂದು ನೋಡಿದರೆ ಮಾವ ಆರಿದ ಅನ್ನದ ಎದುರು ಕೈ ಕಟ್ಟಿಕೊಂಡು ಕುಳಿತಿದ್ದಾರೆ!

“ನಾನು ಕೆಳಗೆ ಇಳಿಯದೆ ಪಕ್ಕದ ಮನೆಗೆ ಹಾರಿ ಹೋಗಿದ್ದೇನಾ ಮಾರಾಯ್ರೆ?” ಎಂದು ಅತ್ತೆ ಕೇಳಿದರಂತೆ.

“ಇಳಿದದ್ದನ್ನು ನಾನು ನೋಡ್ಲಿಲ್ಲ” ಎಂದರಂತೆ ಮಾವ.

ಅವರ ಜಗಲಿಯ ಗೋಡೆಯಲ್ಲಿ ಮೊಳೆಗಳ ಸಾಲು ಇದೆ. ಬೇರೆಯವರ ಮನೆಯಲ್ಲಿ ದೇವರ ಪಟ, ಹಿರಿಯರ ಫೋಟೋ ಇರುವ ಜಾಗದಲ್ಲಿ ಇವರ ಮನೆಯಲ್ಲಿ ಕಂಬಕ್ಕೆ ಕಟ್ಟಿಕೊಳ್ಳುವ ಹಳೆಯ ಸೇಫ್ಟಿ ಬೆಲ್ಟುಗಳು. ಕೊನೆಯ ಮೊಳೆಯಲ್ಲಿ ಒಂದು ಗಿಡ್ಡ ಬೆಲ್ಟು, ಹಸಿರು ಬಟ್ಟೆ ಸೇರಿಸಿ ಹೊಲಿದದ್ದು. ಚಿಕ್ಕವನಿದ್ದಾಗ ರಜೆಯಲ್ಲಿ ಹೋಗಿ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ನೋಡಿದ್ದೆ. ಎಂದೂ ಗದರದ ಮಾವ ಅಂದು ಗದರಿದರು. “ಅದು ಬೇಡ. ಬೇರೆ ಯಾವುದು ಬೇಕಾದ್ರೂ ತಗೋ.” ಆಗ ಯಾಕೆಂದು ಕೇಳುವ ಧೈರ್ಯ ಇರಲಿಲ್ಲ; ಆಮೇಲೆ ಮರೆತೇಹೋಯಿತು.

ಇಂಥವರ ಕಣ್ಣು ನನ್ನ ಮಗಳ ಮೇಲೆ ಬಿದ್ದದ್ದು ಹೇಗೆ ಎಂದು ಹೇಳುತ್ತೇನೆ.

ನನಗೆ ಪುತ್ತೂರಿನಲ್ಲಿ ಒಂದು ಕನ್ನಡಕದ ಅಂಗಡಿ, ಕಬಕದಲ್ಲಿ ಒಂದು ಪುಟ್ಟ ಬಾಡಿಗೆ ಮನೆ. ಮದುವೆಯಾಗಿ ಏಳು ವರ್ಷದ ಮೇಲೆ ಹುಟ್ಟಿದ ಮಗಳು ಪುಟ್ಟಿ. ಹೆಂಡತಿಗೆ ಆಪರೇಷನ್ ಆಗಿತ್ತು, ಹೆಚ್ಚು ಹೊತ್ತು ಎತ್ತಿಕೊಂಡು ತಿರುಗುವ ಹಾಗಿರಲಿಲ್ಲ. ಪುಟ್ಟಿಗೋ, ತೊಟ್ಟಿಲೆಂದರೆ ಮುಳ್ಳು. ಯಾರಾದರೊಬ್ಬರ ಎದೆಗೆ ಅಂಟಿಕೊಂಡಿದ್ದರೆ ಮಾತ್ರ ನಿದ್ದೆ, ಕೆಳಗಿಟ್ಟರೆ ಕಬಕದ ಜಂಕ್ಷನ್ನಿಗೆ ಕೇಳುವ ಹಾಗೆ ಅಳು. ಎರಡು ತಿಂಗಳಿಗೇ ನನ್ನ ಎರಡೂ ಭುಜ ನನ್ನವಲ್ಲ ಎನ್ನಿಸತೊಡಗಿತು. ಆಗ ಮೊಬೈಲಿನಲ್ಲಿ ಒಂದು ಚಿತ್ರ ಕಂಡಿತು. ಮಗುವನ್ನು ಎದೆಗೆ ಕಟ್ಟಿಕೊಂಡು ಎರಡೂ ಕೈ ಬೀಸುತ್ತಾ ನಗುವ ಅಪ್ಪ! ಆ ಎರಡು ಖಾಲಿ ಕೈಗಳನ್ನು ನೋಡಿಯೇ ನಾನು ಮರುಳಾದೆ. ಬೇಬಿ ಕ್ಯಾರಿಯರ್ ಎಂಬ ಆ ಚೀಲವನ್ನು ಆ ಕ್ಷಣವೇ ತರಿಸಿಕೊಂಡೆ. ಒಂದು ಕನ್ನಡಕದ ಫ್ರೇಮ್ ಆರಿಸಲು ಗಿರಾಕಿಗಳನ್ನು ಅರ್ಧ ಗಂಟೆ ಕೂರಿಸುವ ನಾನು, ಮಗಳನ್ನು ಹೊರುವ ಚೀಲ ಆರಿಸಲು ಅರ್ಧ ನಿಮಿಷವನ್ನೂ ಕೊಡಲಿಲ್ಲ.

ಅದೇ ವಾರ ಮಾವ ಮಗು ನೋಡಲು ಬಂದರು. ಬಂದವರು ಮಗುವಿನ ಕೆನ್ನೆಯನ್ನು ಒಂದು ಬೆರಳಿನಲ್ಲಿ ಮುಟ್ಟಿ, ಮೇಜಿನ ಮೇಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೊಲಿಗೆಯನ್ನು ಉಗುರಿನಿಂದ ಕೆರೆದರು. ಬಕಲನ್ನು ಕಿವಿಯ ಹತ್ತಿರ ಹಿಡಿದು ಟಕ್ ಎಂದು ಹಾಕಿ, ತೆಗೆದು, ಮತ್ತೆ ಹಾಕಿ, ಮೂರು ಸಲ ಎಳೆದರು. ಮಗುವಿನ ಕಾಲ ನಡುವೆ ಬರುವ ಪಟ್ಟಿಯನ್ನು ಗೇಣಿನಲ್ಲಿ ಅಳೆದರು. ಗೇಣು ತುಂಬಲಿಲ್ಲ.

“ಇದು ಮಗುವನ್ನು ಹೊರುದಾ, ತೂಗು ಹಾಕುದಾ?”

“ಚಿತ್ರದಲ್ಲಿ ಹೀಗೇ ಇತ್ತು ಮಾವ.”

“ಚಿತ್ರದಲ್ಲಿರುವ ಮಗು ನಿನ್ನದಲ್ಲ. ಇದನ್ನು ನಾನು ಪರೀಕ್ಷೆ ಮಾಡಿ ತರ್ತೇನೆ. ಅಲ್ಲಿವರೆಗೆ ಕೈಯಲ್ಲೇ ಹೊರು, ಕೈಗೆ ಎಂತ ಆಗಿದೆ?” ಎಂದವರೇ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಡಬದ ಬಸ್ಸು ಹತ್ತಿದರು.

ಒಂದು ವಾರದ ಮೇಲೆ ಅಂಗಡಿಯಲ್ಲಿದ್ದೆ. ಎದುರಿನಿಂದ ಮಾವ ನಡೆದು ಬರುತ್ತಿದ್ದಾರೆ. ಎದೆಯ ಮೇಲೆ ಅದೇ ಚೀಲ. ಚೀಲದ ಒಳಗೆ ಒಂದು ಬೂದು ಕುಂಬಳಕಾಯಿ! ಕುಂಬಳಕಾಯಿಯ ಮೇಲ್ಭಾಗಕ್ಕೆ ಒಂದು ತೆಂಗಿನಕಾಯಿಯನ್ನು ತಮ್ಮ ಹೆಗಲ ಬಟ್ಟೆ ಬೈರಾಸಿನಲ್ಲಿ ಬಿಗಿದಿದ್ದಾರೆ, ಅದು ತಲೆಯಂತೆ. ಕಡಬದಿಂದ ಪುತ್ತೂರಿಗೆ ಬಸ್ಸಿನಲ್ಲಿ ಇದೇ ಅವತಾರದಲ್ಲಿ ಬಂದಿದ್ದಾರೆ. ಕಂಡಕ್ಟರ್ ದೂರದಿಂದ ನೋಡಿ, “ಮಗುವಿನ ಮುಖ ಯಾಕೆ ಮುಚ್ಚಿದ್ದು ಮಾರಾಯ್ರೆ, ಉಸಿರು ಕಟ್ಟುದಿಲ್ವಾ?” ಎಂದು ಕೇಳಿದನಂತೆ. ಹತ್ತಿರ ಬಂದು ನೋಡಿದ ಮೇಲೆ ಅವನದ್ದೇ ಉಸಿರು ಕಟ್ಟಿತಂತೆ! ಮಾವ ಮಾತ್ರ ನಗಲಿಲ್ಲ. ಬದಲಿಗೆ ಆ ಕಂಡಕ್ಟರನ ಬಗ್ಗೆ ನನ್ನ ಹತ್ತಿರ ಬಹಳ ಗೌರವದಿಂದ ಮಾತಾಡಿದರು. “ಅವನೊಬ್ಬನಿಗೆ ಕಣ್ಣುಂಟು. ಬಸ್ಸಿನಲ್ಲಿ ಐವತ್ತು ಜನ ಇದ್ರು. ಮುಖ ಮುಚ್ಚಿದ್ದನ್ನು ಕೇಳಿದವ ಅವನೊಬ್ಬನೇ.”

ಪರೀಕ್ಷೆಯ ಫಲಿತಾಂಶವನ್ನು ನನ್ನ ಅಂಗಡಿಯ ಕೌಂಟರಿನ ಮೇಲೆ ಕುಂಬಳಕಾಯಿಯನ್ನು ಮಲಗಿಸಿಯೇ ಪ್ರಕಟಿಸಿದರು. ಕಡಬದಲ್ಲಿ ಹೊರಟಾಗ ನೆಟ್ಟಗೆ ಕುಳಿತಿದ್ದ ಕುಂಬಳಕಾಯಿ, ಉಪ್ಪಿನಂಗಡಿ ಮುಟ್ಟುವಾಗ ಕೆಳಗೆ ಜಾರಿ ಕುಸಿದಿತ್ತು. ತೆಂಗಿನಕಾಯಿ ಮುಂದಕ್ಕೆ ಬಾಗಿ ಕುಂಬಳಕಾಯಿಯ ಎದೆಗೆ ಒತ್ತಿಕೊಂಡಿತ್ತು.

“ಇದಕ್ಕೆ ಎಂತದೂ ಆಗುದಿಲ್ಲ, ಇದು ಕಾಯಿ. ಮಗುವಿನ ಕುತ್ತಿಗೆ ಇನ್ನೂ ಗಟ್ಟಿ ಆಗ್ಲಿಲ್ಲ. ಗದ್ದ ಎದೆಗೆ ತಾಗಿತು ಅಂದ್ರೆ ಗಂಟಲಿನ ದಾರಿ ಮಡಚಿ ಹೋಗ್ತದೆ. ಆಗ ಅದು ಅಳುದಿಲ್ಲ. ಅಳ್ಲಿಕ್ಕೂ ಉಸಿರು ಬೇಕಲ್ಲ? ಸುಮ್ಮನೆ ನಿದ್ದೆ ಮಾಡಿದ ಹಾಗೆ ಕಾಣ್ತದೆ.”

ಇದನ್ನು ಹೇಳುವಾಗ ಮಾವನ ಧ್ವನಿ ಎಷ್ಟು ಮೆಲ್ಲಗಿತ್ತೆಂದರೆ, ಕನ್ನಡಕ ಕೊಳ್ಳಲು ಬಂದಿದ್ದ ಗಿರಾಕಿಯೂ ಕುಂಬಳಕಾಯಿಯನ್ನು ಕನಿಕರದಿಂದ ನೋಡಿದರು. ಕಂಬ ಹತ್ತಿದವರಿಗೆ ಮಗುವಿನ ಗಂಟಲಿನ ದಾರಿ ಹೇಗೆ ಗೊತ್ತು? ಕೇಳಿದೆ. “ಬೆಲ್ಟ್ ಅಂದ್ರೆ ಬೆಲ್ಟೇ ಮಾರಾಯ” ಎಂದು ಕುಂಬಳಕಾಯಿಯನ್ನು ಮತ್ತೆ ಎದೆಗೇರಿಸಿದರು.

ಅಲ್ಲಿಂದ ನೇರ ಮಕ್ಕಳ ಸಾಮಾನಿನ ಅಂಗಡಿಗೆ. ನಾನು ಎರಡು ಹೆಜ್ಜೆ ಹಿಂದೆ, ಗುರುತಿಲ್ಲದವನ ಹಾಗೆ. ಅಲ್ಲಿದ್ದ ಹುಡುಗಿ ಕ್ಯಾರಿಯರುಗಳನ್ನು ಸಾಲಾಗಿ ತೆಗೆದಿಟ್ಟು ಮಾವನ ಬೆನ್ನ ಕಡೆಯಿಂದ ಕೇಳಿದಳು, “ಮಗುವಿಗೆ ಎಷ್ಟು ತಿಂಗಳು ಸಾರ್?”

ಮಾವ ತಿರುಗಿದರು. “ಇದು ನಿನ್ನೆ ಕೊಯ್ದದ್ದು.”

ಆ ಹುಡುಗಿಯ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಒಂದೊಂದೇ ಚೀಲಕ್ಕೆ ಕುಂಬಳಕಾಯಿಯನ್ನು ಹಾಕಿ ತೆಗೆಯಲು ಅವಳೇ ಸಹಾಯ ಮಾಡಿದಳು. ಕಾಲ ನಡುವಿನ ಪಟ್ಟಿ ಒಂದು ಮೊಣಕಾಲಿನ ಮಡಿಕೆಯಿಂದ ಇನ್ನೊಂದರ ಮಡಿಕೆಯವರೆಗೆ ಅಗಲವಾಗಿರಬೇಕು, ಮಗು ಕಪ್ಪೆಯ ಹಾಗೆ ಕೂರಬೇಕು, ಕಾಲು ನೇತಾಡಿದರೆ ಸೊಂಟದ ಕೀಲಿಗೆ ಕೇಡು ಎಂದರು ಮಾವ. ಬೆನ್ನಿಗೆ ಆಸರೆ ಬೇಕು, ಆದರೆ ತಲೆಯನ್ನು ಒತ್ತಿ ಹಿಡಿಯಬಾರದು. ಸಣ್ಣ ಮಗುವಿನ ಮುಖ ಹೊರಗೆ ತಿರುಗಿರಬಾರದು, ನಮ್ಮ ಕಡೆಗೇ ಇರಬೇಕು. ಎಷ್ಟು ತೂಕದಿಂದ ಎಷ್ಟು ತೂಕದ ತನಕ ಎಂದು ಚೀಟಿಯಲ್ಲಿ ಬರೆದಿರಬೇಕು. ಬರೆಯದ ಚೀಲ ಬಿಟ್ಟಿ ಕೊಟ್ಟರೂ ಬೇಡ. ಕೊನೆಗೆ ಐದನೆಯದೋ ಆರನೆಯದೋ ಚೀಲವನ್ನು ನನ್ನ ಎದೆಗೆ ಕಟ್ಟಿ, ಕುಂಬಳಕಾಯಿಯನ್ನು ಅದರಲ್ಲಿ ಕೂರಿಸಿ ಹೇಳಿದರು:

“ಈಗ ಮುತ್ತು ಕೊಡು.”

“ಯಾರಿಗೆ ಮಾವ?”

“ಯಾರಿಗೆ ಅಂದ್ರೆ? ಇದಕ್ಕೆ! ತಲೆ ಸ್ವಲ್ಪ ಬಗ್ಗಿಸಿದ್ರೆ ಮಗುವಿನ ನೆತ್ತಿಗೆ ಮುತ್ತು ಕೊಡ್ಲಿಕ್ಕೆ ಎಟಕ್ಬೇಕು. ಎಟಕ್ಲಿಲ್ಲ ಅಂದ್ರೆ ಮಗು ತುಂಬ ಕೆಳಗೆ ಉಂಟು ಅಂತ ಅರ್ಥ. ಕೊಡು, ನಾಚಿಕೆ ಎಂತಕ್ಕೆ?”

ಹಾಡುಹಗಲು, ಪುತ್ತೂರು ಪೇಟೆಯಲ್ಲಿ, ಗಾಜಿನ ಬಾಗಿಲಿನ ಅಂಗಡಿಯಲ್ಲಿ ನಿಂತು ನಾನು ಬೈರಾಸು ಸುತ್ತಿದ ತೆಂಗಿನಕಾಯಿಯೊಂದಕ್ಕೆ ಮುತ್ತು ಕೊಟ್ಟೆ. ಎಟಕಿತು. ಚೀಲ ಪಾಸಾಯಿತು.

ಮನೆಗೆ ಬಂದು ಪುಟ್ಟಿಯನ್ನು ಅದರಲ್ಲಿ ಕೂರಿಸಿದ ಮೊದಲ ದಿನವೇ ಮಾವ ಕಾನೂನು ಹೊರಡಿಸಿದರು. ಮಗುವನ್ನು ಚೀಲಕ್ಕೆ ಹಾಕುವ ಮೊದಲು ಕಡಬಕ್ಕೆ ಫೋನ್ ಮಾಡಿ ಎಲ್‌ಸಿ ಪಡೆಯಬೇಕು. ಇಳಿಸಿದ ಮೇಲೆ ವಾಪಸ್ ಕೊಡಬೇಕು. ನನಗೆ ರೇಗಿತು. ನನ್ನ ಮಗಳನ್ನು ನಾನು ಎತ್ತಿಕೊಳ್ಳಲು ಕಡಬದಿಂದ ಪರವಾನಗಿ ಬೇಕೆ? ಹೆಂಡತಿ ಮಾತ್ರ, “ಕೇಳಿದ್ರೆ ಎಂತ ಹೋಗ್ತದೆ? ನನಗೂ ಧೈರ್ಯ” ಎಂದು ಮಾವನ ಪಕ್ಷ ಸೇರಿದಳು.

ಪ್ರತಿ ಸಲವೂ ಅವೇ ಪ್ರಶ್ನೆಗಳು. ಮೂಗು, ಬಾಯಿ ಎರಡೂ ಕಾಣ್ತದಾ? ಗದ್ದದ ಅಡಿಗೆ ಎರಡು ಬೆರಳು ಹೋಗ್ತದಾ? ಮುತ್ತು ಎಟಕ್ತದಾ? ಬಕಲು ಮೂರು ಸಲ ಎಳೆದಾಯ್ತಾ? ಮಧ್ಯಾಹ್ನ ಹೆಂಡತಿ ಸ್ವಲ್ಪ ಮಲಗಲಿ ಎಂದು ನಾನು ಪುಟ್ಟಿಯನ್ನು ಅಂಗಡಿಗೆ ಕರೆದುಕೊಂಡು ಬರುವುದಿತ್ತು. ಗಿರಾಕಿಗಳು ಎದುರಿಗೆ ಕುಳಿತಿರುವಾಗಲೇ ಫೋನು. ಆ ಕಡೆಯಿಂದ ಮಾವ, “ಮೊಣಕಾಲು ಮೇಲೆ, ಕುಂಡೆ ಕೆಳಗೆ ಉಂಟಾ?” ಎನ್ನುತ್ತಾರೆ. ಈ ಕಡೆಯಿಂದ ನಾನು, “ಉಂಟು ಮಾವ, ಕುಂಡೆ ಕೆಳಗೇ ಉಂಟು” ಎಂದು ಗಟ್ಟಿಯಾಗಿ ಹೇಳಬೇಕು. ಕಣ್ಣು ಪರೀಕ್ಷೆಯ ಅಕ್ಷರಗಳನ್ನು ಓದುತ್ತಿದ್ದ ಒಬ್ಬ ಹಿರಿಯರು ಗಾಬರಿಯಿಂದ ತಾವು ಕುಳಿತ ಕುರ್ಚಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು!

ಇನ್ನು ಸ್ಕೂಟರಿನ ಕಥೆ. ಕಬಕದಿಂದ ಪುತ್ತೂರಿಗೆ ಎಷ್ಟು ದೂರ? ಮಗುವನ್ನು ಎದೆಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋದರೆ ಹತ್ತು ನಿಮಿಷ. ಎಷ್ಟು ಜನ ಹೋಗುವುದಿಲ್ಲ? ರಾತ್ರಿ ಉಳಿಯಲು ಬಂದಿದ್ದ ಮಾವನ ಎದುರು ಬಾಯಿ ತಪ್ಪಿ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಸ್ಕೂಟರಿನ ಹ್ಯಾಂಡಲಿಗೆ ಕೆಂಪು ತಗಡಿನ ಬೋರ್ಡು ನೇತಾಡುತ್ತಿದೆ: “ಕೆಲಸ ನಡೆಯುತ್ತಿದೆ. ಚಾಲೂ ಮಾಡಬಾರದು.” ಬೀಗದ ಕೈ ಮಾವನ ಜೊತೆ ಮೊದಲ ಬಸ್ಸಿನಲ್ಲೇ ಕಡಬಕ್ಕೆ ಹೋಗಿತ್ತು. ಫೋನಿನಲ್ಲಿ ಜಗಳ ಮಾಡಿದೆ. “ನೀನು ಬಿದ್ರೆ ಯಾರ ಮೇಲೆ ಬೀಳುದು?” ಎಂದು ಒಂದೇ ಮಾತು ಕೇಳಿದರು. ಮಗು ಇದ್ದರೆ ಬಸ್ಸು ಅಥವಾ ರಿಕ್ಷಾ, ಕಾರಿಗೆ ಹತ್ತಿದರೆ ಚೀಲದಿಂದ ಬಿಡಿಸಿ ಮಗುವಿನ ಸೀಟಿನಲ್ಲಿ ಎಂದು ತೀರ್ಮಾನವಾಯಿತು. ಆ ಬೋರ್ಡು ಈಗಲೂ ನಮ್ಮ ಮನೆಯಲ್ಲಿದೆ. ಹೆಂಡತಿ ಅದನ್ನು ಪುಟ್ಟಿ ಮಲಗಿದಾಗ ಬಾಗಿಲಿಗೆ ನೇತುಹಾಕುತ್ತಾಳೆ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದ್ದನ್ನು ಹಾಗೆ ಬರೆಯಲು ಆಗುವುದಿಲ್ಲ.

ಹೆಂಡತಿಯ ತವರು ಸುಳ್ಯದ ಹತ್ತಿರದ ಆಲೆಟ್ಟಿ. ಅವಳ ಚಿಕ್ಕಪ್ಪನ ಮಗಳ ಮದುವೆ ಸುಳ್ಯದ ಒಂದು ಸಭಾಭವನದಲ್ಲಿತ್ತು. ಪುಟ್ಟಿಗೆ ಮೂರೂವರೆ ತಿಂಗಳು. ಹೆಂಡತಿ ವೇದಿಕೆಯ ಮೇಲೆ ಫೋಟೋಕ್ಕೆ ನಿಂತಿದ್ದಳು. ಮಗು ನನ್ನ ಎದೆಯಲ್ಲಿ, ಚೀಲದಲ್ಲಿ. ಎಲ್‌ಸಿ ಪಡೆದಿದ್ದೆ, ಎಲ್ಲ ಸರಿಯಿತ್ತು. ನೆಂಟರಿಷ್ಟರಿಗೆಲ್ಲ ನಾನೊಂದು ಪ್ರದರ್ಶನ. “ಅಪ್ಪನೇ ಹೊರುದಾ! ಬಾರೀ ಲಾಯ್ಕುಂಟು” ಎಂದು ಹೊಗಳುವವರು, ಮಗುವಿನ ಕೆನ್ನೆ ಚಿವುಟುವವರು. ನನಗೋ, ಹೊಗಳಿಕೆ ತಲೆಗೆ ಏರಿತ್ತು. ಆಗ ಹೆಂಡತಿಯ ದೊಡ್ಡಮ್ಮ ಬಂದರು. ಅವರ ಪ್ರೀತಿಯಲ್ಲಿ ಒಂದಿಷ್ಟೂ ಕಲ್ಮಶ ಇರಲಿಲ್ಲ, ಇದನ್ನು ಮೊದಲೇ ಹೇಳಬೇಕು. “ಇಷ್ಟು ಜನರ ಕಣ್ಣು ಬಿದ್ರೆ ದೃಷ್ಟಿ ಆಗುದಿಲ್ವಾ? ಬರೀ ಕಪ್ಪು ಬೊಟ್ಟು ಸಾಲುದಿಲ್ಲ” ಎಂದು ತಮ್ಮ ಹೆಗಲಿನ ಶಾಲು ತೆಗೆದು ಚೀಲದ ಮೇಲೆ, ಮಗುವಿನ ತಲೆ ಮುಚ್ಚುವಂತೆ ಹೊದಿಸಿದರು. ಬೇಡ ಎನ್ನಲು ಸಂಕೋಚವಾಯಿತು. ಹಿರಿಯರು ಹೊದಿಸಿದ್ದನ್ನು ತೆಗೆಯುವುದೆ?

ಅಷ್ಟರಲ್ಲಿ ಊಟಕ್ಕೆ ಕರೆದರು. ಹೊತ್ತುಕೊಂಡೇ ಪಂಕ್ತಿಯಲ್ಲಿ ಕುಳಿತೆ. ಬಿಸಿ ಸಾರಿನ ಹತ್ತಿರ ಚೀಲ ಬೇಡ ಎಂದು ಮಾವ ಹೇಳಿದ್ದು ನೆನಪಿತ್ತು. ಸಾರು ಬಂದಾಗ ಕೈ ಅಡ್ಡ ಹಿಡಿದೆ, ಮಹಾ ಎಚ್ಚರಿಕೆಯವನ ಹಾಗೆ. ಬಾಳೆಲೆಗೆ ಬಗ್ಗಲು ಕಷ್ಟವಾಗುತ್ತದೆಂದು ಭುಜದ ಪಟ್ಟಿಗಳನ್ನು ಒಂದಿಷ್ಟು ಸಡಿಲಿಸಿದೆ. ಪಾಯಸ ಬರುವಾಗ ಇನ್ನೊಂದಿಷ್ಟು. ಪಕ್ಕದವರ ಜೊತೆ ಮಾತು ಜೋರಾಗಿ ಸಾಗಿತ್ತು. ಮಗು ಒಳ್ಳೆಯ ನಿದ್ದೆ ಮಾಡುತ್ತಿದೆ ಎಂದುಕೊಂಡೆ. ಎಷ್ಟು ಒಳ್ಳೆಯ ಮಗು, ಒಂದು ಸದ್ದಿಲ್ಲ ಎಂದು ಪಕ್ಕದವರೂ ಹೇಳಿದರು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಾವ. ಎಡಗೈಯಲ್ಲಿ ಎತ್ತಿದೆ.

“ಎಲ್‌ಸಿ ಕೊಟ್ಟು ಮುಕ್ಕಾಲು ಗಂಟೆ ಆಯ್ತು. ಮೂಗು ಕಾಣ್ತದಾ?”

“ಕಾಣ್ತದೆ ಮಾವ.”

“ನೋಡಿ ಹೇಳಿದ್ದಾ, ನೋಡದೆ ಹೇಳಿದ್ದಾ?”

ನನಗೆ ಸಿಟ್ಟು ಬಂತು. ಎದುರಿಗೆ ಬಾಳೆಲೆ, ಅಕ್ಕಪಕ್ಕ ನೆಂಟರು. ನೋಡಿಯೇ ಹೇಳಿದ್ದು ಎನ್ನಲು ಬಾಯಿ ತೆರೆದೆ. ಅದು ಯಾಕೋ ಬರಲಿಲ್ಲ. ಆ ಮನುಷ್ಯನಿಗೆ ಈ ಒಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬಾಯಿ ಮುಚ್ಚಿ ಶಾಲು ಎತ್ತಿದೆ.

ಪುಟ್ಟಿ ಚೀಲದ ತಳಕ್ಕೆ ಕುಸಿದಿದ್ದಳು. ಗದ್ದ ಎದೆಗೆ ಒತ್ತಿತ್ತು, ಮೂಗು ನನ್ನ ಅಂಗಿಯಲ್ಲಿ ಹೂತಿತ್ತು. ಕೂದಲೆಲ್ಲ ಬೆವರಿಗೆ ಅಂಟಿತ್ತು. ತುಟಿಯ ಬಣ್ಣ ತುಟಿಯ ಬಣ್ಣವಾಗಿರಲಿಲ್ಲ.

ಗದ್ದ ಎತ್ತಿದೆ. “ಪುಟ್ಟಿ” ಎಂದೆನೋ, ಕಿರುಚಿದೆನೋ ತಿಳಿಯದು. ಎಷ್ಟು ಹೊತ್ತು? ಎರಡು ಕ್ಷಣ ಇರಬಹುದು. ಆ ಎರಡು ಕ್ಷಣದಷ್ಟು ಉದ್ದದ ಕಾಲವನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅವಳು ಬಾಯಿ ತೆರೆದು ಗಾಳಿಯನ್ನು ಒಳಗೆಳೆದುಕೊಂಡಳು. ಆಮೇಲೆ ಅತ್ತಳು. ಕಬಕದ ಜಂಕ್ಷನ್ನಿಗೆ ಕೇಳುವ ಹಾಗೆ ಅತ್ತಳು. ನೆಲಕ್ಕೆ ಬಿದ್ದಿದ್ದ ಫೋನಿನಿಂದ ಮಾವನ ಧ್ವನಿ ಬರುತ್ತಿತ್ತು.

“ಅಳಲಿ. ಅಳಲಿ ಬಿಡು. ಬಕಲು ತೆಗೆ. ಕೈಯಲ್ಲಿ ಎತ್ತಿಕೋ. ಡಾಕ್ಟರ ಹತ್ತಿರ ಹೋಗು. ಇಳಿಸಿದ ಮೇಲೆ ನನಗೆ ಹೇಳು.”

ಡಾಕ್ಟರು ನೋಡಿ, ಏನೂ ಆಗಿಲ್ಲ, ಸಮಯಕ್ಕೆ ನೋಡಿದಿರಿ ಎಂದರು. ನಾನು ನೋಡಲಿಲ್ಲ, ಇಪ್ಪತ್ತೈದು ಮೈಲಿ ಆಚೆಯಿಂದ ಬೇರೆಯವರು ನೋಡಿದರು ಎಂದು ಹೇಳಬೇಕೆನ್ನಿಸಿತು. ನಾನು ದಿನವಿಡೀ ಜನರ ದೃಷ್ಟಿ ಸರಿಮಾಡುವವನು! ಹೆಂಡತಿ ಬೈಯಲಿಲ್ಲ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ಭಾನುವಾರ ಒಬ್ಬನೇ ಕಡಬಕ್ಕೆ ಹೋದೆ. ಮಾವ ಜಗಲಿಯಲ್ಲಿ ಕುಳಿತಿದ್ದರು. ಅವರ ಕಾಲಿನ ಬಳಿ ಕುಳಿತೆ. “ಇನ್ನು ಆ ಚೀಲ ಮುಟ್ಟುದಿಲ್ಲ ಮಾವ” ಎಂದೆ.

“ಚೀಲದ್ದು ತಪ್ಪಿಲ್ಲ” ಎಂದರು. ಎದ್ದು ಹೋಗಿ ಕೊನೆಯ ಮೊಳೆಯಿಂದ ಆ ಹಸಿರು ಬಟ್ಟೆಯ ಗಿಡ್ಡ ಬೆಲ್ಟನ್ನು ತೆಗೆದು ತಂದು ನನ್ನ ಮಡಿಲಲ್ಲಿ ಇಟ್ಟರು. ನಾನು ಬಿಡಿಸಿ ನೋಡಿದೆ. ಅದು ಕಂಬಕ್ಕೆ ಕಟ್ಟುವ ಬೆಲ್ಟಾಗಿರಲಿಲ್ಲ. ಸೇಫ್ಟಿ ಬೆಲ್ಟಿನ ಪಟ್ಟಿಗಳಿಗೆ ಸೀರೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಲಾಗಿತ್ತು. ಕಾಲ ನಡುವಿನ ಅಗಲದ ಪಟ್ಟಿ, ಬೆನ್ನಿನ ಆಸರೆ, ಭುಜಕ್ಕೆ ಹಾದು ಬರುವ ಎರಡು ಪಟ್ಟಿ. ಒಂದು ಬಕಲು ಮಾತ್ರ ಎಡಗೈಗೆ ಸಿಗುವ ಹಾಗೆ ಓರೆಯಾಗಿತ್ತು.

“ಗುಂಡ್ಯದ ಹತ್ತಿರ ಮರ ಬಿದ್ದು ಲೈನ್ ಹೋಗಿತ್ತು” ಎಂದರು ಮಾವ. “ನಾವು ಮೂರು ಜನ. ಎಲ್‌ಸಿ ತಗೊಂಡದ್ದು ನಾನು. ಅವರಿಬ್ಬರು ಬೇರೆ ಬೇರೆ ಕಂಬದಲ್ಲಿ ಇದ್ರು. ಕೆಲಸ ಮುಗಿಯಿತು. ಇಳಿದು ಬಂದವನ ಹತ್ತಿರ ಕೇಳಿದೆ, ಎಲ್ಲ ಇಳಿದಾಯ್ತಾ ಅಂತ. ಆಯ್ತು ಅಂದ. ಇನ್ನೊಬ್ಬನದ್ದೂ ಸೇರಿಸಿ ಅವನೇ ಹೇಳಿದ. ಜೋರು ಮಳೆ. ನಾನು ತಲೆ ಎತ್ತಿ ನೋಡ್ಲಿಲ್ಲ. ವಾಪಸ್ ಕೊಟ್ಟೆ.”

ಅಂಗಳದಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿದರು.

“ಇನ್ನೂ ಕಂಬದಲ್ಲಿದ್ದವನ ಜೀವ ಉಳಿಯಿತು. ಬಲಗೈ ಹೋಯಿತು. ಅವನಿಗೆ ಆಗ ಎರಡು ತಿಂಗಳ ಮಗಳು. ಆಸ್ಪತ್ರೆಗೆ ನೋಡ್ಲಿಕ್ಕೆ ಹೋದಾಗ ಅವ ಕೈಯ ವಿಷಯ ಒಂದು ಮಾತು ಹೇಳ್ಲಿಲ್ಲ. ಇನ್ನು ಮಗುವನ್ನು ಹೇಗೆ ಎತ್ತಿಕೊಳ್ಳುದು ಅಂತ ಕೇಳಿದ. ಅದೊಂದೇ ಕೇಳಿದ.”

ಅದಕ್ಕೆ ಮಾವ ಈ ಚೀಲ ಹೊಲಿದರು. ಇಪ್ಪತ್ತೇಳು ದಿನ ಕುಂಬಳಕಾಯಿ ಕಟ್ಟಿಕೊಂಡು ತಿರುಗಿ ನೋಡಿದರು. ಮಕ್ಕಳ ಡಾಕ್ಟರೊಬ್ಬರ ಹತ್ತಿರ ಆರು ಸಲ ಹೋಗಿ, ಗದ್ದ, ಕುತ್ತಿಗೆ, ಸೊಂಟದ ಕೀಲು ಎಂದು ಕೇಳಿ ಕೇಳಿ, ಮತ್ತೆ ಬಿಚ್ಚಿ ಮತ್ತೆ ಹೊಲಿದರು. ಆ ಗೆಳೆಯ ಒಂದೇ ಕೈಯಲ್ಲಿ ಬಕಲು ಹಾಕಿ ಮಗಳನ್ನು ಎದೆಗೆ ಕಟ್ಟಿಕೊಂಡು ಊರೆಲ್ಲ ನಡೆದನಂತೆ.

“ನನ್ನ ಮದುವೆಯ ಸೀರೆ ಅದು” ಎಂದರು ಅತ್ತೆ ಅಂಗಳದಿಂದ. “ಕತ್ತರಿ ಹಾಕುವ ಮೊದಲು ಒಂದು ಮಾತು ಕೇಳ್ಲಿಲ್ಲ ಇವರು. ಎಲ್ಲದಕ್ಕೂ ಎಲ್‌ಸಿ ಬೇಕು, ನನ್ನ ಸೀರೆಗೆ ಬೇಡ!” ಬೈದರು, ಬೈಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮಗು ನಡೀಲಿಕ್ಕೆ ಕಲಿತ ದಿನ ಅವನೇ ತಂದುಕೊಟ್ಟ” ಎಂದರು ಮಾವ. “ಇಲ್ಲಿ, ಈ ಜಗಲಿಯಲ್ಲಿ ಮಗುವನ್ನು ನಿಲ್ಲಿಸಿ, ‘ಮಗು ಇಳಿಯಿತು ಮಾರಾಯ, ನೋಡಿಕೋ. ಎಲ್‌ಸಿ ವಾಪಸ್’ ಅಂದ. ನಾನು ನೋಡಿದೆ.”

ಅಷ್ಟು ಹೇಳಿ ಬೆಲ್ಟನ್ನು ಮಡಚಿ ಮತ್ತೆ ಮೊಳೆಗೆ ಹಾಕಿದರು. ನನ್ನ ಕಡೆಗೆ ತಿರುಗದೆ, “ನಾಳೆಯಿಂದ ಹೊರು. ಹೆದರಿ ಬಿಡುದು ಸುಲಭ. ನೋಡಿಕೊಂಡು ಹೊರುದು ಕಲಿ” ಎಂದರು. ನಾನು ಅವರ ಕಾಲು ಮುಟ್ಟಿ ಅತ್ತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಊಟ ಮಾಡಿ ಹೋಗು” ಎಂದರು.

ಹೊತ್ತೆ. ಪುಟ್ಟಿ ನಡೆಯಲು ಕಲಿಯುವ ತನಕ ಹೊತ್ತೆ. ಹತ್ತು ನಿಮಿಷಕ್ಕೊಮ್ಮೆ ಮೂಗು ನೋಡುತ್ತಾ ಹೊತ್ತೆ. ಅವಳು ನಡೆದ ವಾರ ಕಡಬಕ್ಕೆ ಕರೆದುಕೊಂಡು ಹೋಗಿ ಅದೇ ಜಗಲಿಯಲ್ಲಿ ನಿಲ್ಲಿಸಿ, “ಮಗು ಇಳಿಯಿತು ಮಾವ” ಎಂದೆ. ಮಾವ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಕ್ಕರು ಎಂದು ಅತ್ತೆ ಇಂದಿಗೂ ಸಾಧಿಸುತ್ತಾರೆ. ನಾನು ನೋಡಲಿಲ್ಲವಾದ್ದರಿಂದ ನಂಬುವುದಿಲ್ಲ.

ಪುಟ್ಟಿಗೆ ಈಗ ನಾಲ್ಕು ವರ್ಷ. ಆ ಚೀಲ ಅವಳ ಬೊಂಬೆಗೆ ಸೇರಿದೆ. ಬೊಂಬೆಯನ್ನು ಕಟ್ಟಿಕೊಳ್ಳುವ ಮೊದಲು ನನ್ನದೋ ಅಮ್ಮನದೋ ಫೋನ್ ಕಿತ್ತುಕೊಂಡು, “ಅಜ್ಜ, ಎಲ್‌ಸಿ ಕೊಡಿ” ಎನ್ನುತ್ತಾಳೆ. ಮಾವ ಒಂದು ಪ್ರಶ್ನೆಯನ್ನೂ ಬಿಡದೆ ಕೇಳುತ್ತಾರೆ. ಅವಳೂ ಕುಂಡೆ ಕೆಳಗೆ ಉಂಟು ಎಂದು ಒಂದು ಉತ್ತರವನ್ನೂ ಬಿಡದೆ ಹೇಳುತ್ತಾಳೆ.

ಕಳೆದ ತಿಂಗಳು ಮಾವನಿಗೆ ಎದೆನೋವು ಬಂದು ಆಸ್ಪತ್ರೆಗೆ ಹೋಗಿ ಬಂದರು. ಹೊತ್ತಿಗೆ ಸರಿಯಾಗಿ ಊಟ, ಅದರ ಮೇಲೆ ಮಾತ್ರೆ ಎಂದು ಡಾಕ್ಟರ ಕಟ್ಟುನಿಟ್ಟು. ಮೊನ್ನೆ ಮಧ್ಯಾಹ್ನ ಎರಡೂವರೆಗೆ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದು ಊಟಕ್ಕೆ ಕುಳಿತಿದ್ದೆ. ಅತ್ತೆಯ ಫೋನು. “ಮಾರಾಯ, ಇವರು ಬಟ್ಟಲು ಎದುರಿಗಿಟ್ಟುಕೊಂಡು ಕೂತಿದ್ದಾರೆ. ಅನ್ನ ಮುಟ್ಟುದಿಲ್ಲ, ಮಾತ್ರೆ ತಗೊಳ್ಳುದಿಲ್ಲ. ಎಂತ ಅಂತ ನೀನೇ ಕೇಳು.”

ಮಾವ ಫೋನಿಗೆ ಬಂದರು. ಧ್ವನಿ ಸೋತಿತ್ತು.

“ಪುಟ್ಟಿ ಹನ್ನೊಂದು ಗಂಟೆಗೆ ಎಲ್‌ಸಿ ತಗೊಂಡದ್ದು. ವಾಪಸ್ ಕೊಡ್ಲಿಲ್ಲ. ಬೊಂಬೆ ಇಳಿಯಿತಾ?”

ಪುಟ್ಟಿ ಒಳಗೆ ಮಲಗಿದ್ದಳು. ಇಳಿಯಿತು ಮಾವ, ಊಟ ಮಾಡಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಹೇಳಲಿಲ್ಲ. “ಒಂದು ನಿಮಿಷ ಮಾವ” ಎಂದು ಎಂಜಲು ಕೈಯಲ್ಲೇ ಎದ್ದು ಕೋಣೆಗೆ ಹೋದೆ. ಪುಟ್ಟಿ ಚೀಲ ಕಟ್ಟಿಕೊಂಡೇ ನಿದ್ದೆ ಹೋಗಿದ್ದಳು. ಬೊಂಬೆ ಅವಳ ಎದೆಯಲ್ಲಿತ್ತು. ಅವಳು ಏಳದ ಹಾಗೆ ಎಡಗೈಯಲ್ಲಿ ಬಕಲು ತೆಗೆದು ಬೊಂಬೆಯನ್ನು ಎತ್ತಿದೆ. ಅದರ ಮೂಗು ನೋಡಿದೆ. ಕೆಳಗೆ ಚಾಪೆಯ ಮೇಲೆ ಮಲಗಿಸಿದೆ. ಮಗಳ ಮೂಗಿನ ಹತ್ತಿರ ಒಂದು ಬೆರಳು ಹಿಡಿದು, ಬೆಚ್ಚನೆಯ ಉಸಿರು ತಾಗುವ ತನಕ ನಿಂತೆ.

“ಇಳಿಯಿತು ಮಾವ. ಎಲ್‌ಸಿ ವಾಪಸ್.”

“ನೀನು ನೋಡಿದ್ದಾ?”

“ನಾನೇ ನೋಡಿದೆ ಮಾವ.”

ಮಾವ ಫೋನಿನಿಂದ ಬಾಯಿ ದೂರ ಸರಿಸಿ ಅತ್ತೆಗೆ ಹೇಳಿದ್ದು ನನಗೆ ಕೇಳಿಸಿತು.

“ಬಡಿಸು. ಎಲ್ಲ ಇಳಿದಾಯ್ತು.”